ಮನೆ ಸ್ವಂತದ್ದು, ನೆಲ ಊರಿನದು: ಟೊರಾಂಟೊ ದ್ವೀಪವಾಸಿಗಳ ಸಂಘದ ಕಥೆ

ಕೆನಡಾದ ಟೊರಾಂಟೊ ನಗರದ ಎದುರಿಗೆ, ಒಂಟಾರಿಯೊ ಸರೋವರದಲ್ಲಿ ಸಣ್ಣ ದ್ವೀಪಗಳ ಸಮೂಹವೊಂದಿದೆ. ಅದರ ಪೂರ್ವ ಭಾಗದ ವಾರ್ಡ್ಸ್ ಮತ್ತು ಅಲ್ಗಾಂಕ್ವಿನ್ ದ್ವೀಪಗಳಲ್ಲಿ ಸುಮಾರು 260 ಮನೆಗಳಿವೆ. ಅಲ್ಲಿ ಖಾಸಗಿ ಕಾರುಗಳಿಲ್ಲ. ನಗರಕ್ಕೆ ಹೋಗಿಬರಲು ಫೆರಿಯೇ ಆಧಾರ. ಈ ಮನೆಗಳ ಒಡೆಯರು ನಾಲ್ಕು ದಶಕಗಳಷ್ಟು ಕಾಲ ತೆರವಿನ ತೂಗುಗತ್ತಿಯ ಕೆಳಗೆ ಬದುಕಿದರು. ಅವರು ಉಳಿದುಕೊಂಡ ಬಗೆಯು ಆಸ್ತಿಯ ಹಕ್ಕೆಂದರೇನು ಎಂಬ ಪ್ರಶ್ನೆಯನ್ನು ಹೊಸದಾಗಿ ಕೇಳುವಂತೆ ಮಾಡುತ್ತದೆ.

ಡೇರೆಯಿಂದ ಮನೆಗೆ

ಇಂದಿನ ದ್ವೀಪಗಳು ಮೂಲತಃ ದಡಕ್ಕೆ ಅಂಟಿಕೊಂಡಿದ್ದ ಮರಳಿನ ಚಾಚು. 1858ರ ಬಿರುಗಾಳಿ ಅದನ್ನು ದಡದಿಂದ ಬೇರ್ಪಡಿಸಿತು. ಬೇಸಿಗೆ ಕಳೆಯಲು ಬರುತ್ತಿದ್ದ ಜನರಿಗೆ ನಗರಾಡಳಿತವು ನಿವೇಶನಗಳನ್ನು ಬಾಡಿಗೆಗೆ ನೀಡತೊಡಗಿತು. 1899ರಲ್ಲಿ ವಾರ್ಡ್ಸ್ ದ್ವೀಪದಲ್ಲಿದ್ದುದು ಎಂಟು ಬಾಡಿಗೆದಾರರ ಡೇರೆಗಳು ಮಾತ್ರ. ಒಂದು ಋತುವಿನ ಬಾಡಿಗೆ 10 ಡಾಲರ್. ಕ್ರಮೇಣ ಡೇರೆಗಳ ಜಾಗದಲ್ಲಿ ಮರದ ಮನೆಗಳು ಎದ್ದವು. 1930ರ ದಶಕದ ಉತ್ತರಾರ್ಧದಲ್ಲಿ ಪಶ್ಚಿಮದ ಹ್ಯಾನ್ಲನ್ಸ್ ಪಾಯಿಂಟ್‌ನಲ್ಲಿ ವಿಮಾನ ನಿಲ್ದಾಣ ತಲೆ ಎತ್ತಿದಾಗ ಅಲ್ಲಿನ ಹಲವು ಮನೆಗಳನ್ನು ಅಲ್ಗಾಂಕ್ವಿನ್ ದ್ವೀಪಕ್ಕೆ ಸಾಗಿಸಲಾಯಿತು. 1950ರ ದಶಕದ ಆರಂಭಕ್ಕೆ ದ್ವೀಪಗಳಲ್ಲಿ 600ಕ್ಕೂ ಹೆಚ್ಚು ಮನೆಗಳಿದ್ದವು. ಅಂಗಡಿ, ಹೋಟೆಲು, ಚಿತ್ರಮಂದಿರಗಳೂ ಇದ್ದವು.

ಆದರೆ ಒಂದು ತೊಡಕು ಮೊದಲಿನಿಂದಲೂ ಇತ್ತು. ಮನೆ ನಿವಾಸಿಯದು, ಅದರ ಕೆಳಗಿನ ನೆಲ ಸರ್ಕಾರದ್ದು. ಗುತ್ತಿಗೆಯ ಅವಧಿ ಮುಗಿದರೆ ಮನೆಯ ಒಡೆತನಕ್ಕೆ ಬೆಲೆಯಿಲ್ಲ.

ಉದ್ಯಾನವೋ, ಊರೋ?

1956ರಲ್ಲಿ ದ್ವೀಪಗಳ ಹೊಣೆ ಮಹಾನಗರ ಆಡಳಿತವಾದ 'ಮೆಟ್ರೊ'ಗೆ ಹಸ್ತಾಂತರಗೊಂಡಿತು. ಇಡೀ ಪ್ರದೇಶವನ್ನು ಸಾರ್ವಜನಿಕ ಉದ್ಯಾನವನ್ನಾಗಿಸುವುದು ಅದರ ಗುರಿಯಾಗಿತ್ತು. ಸಾವಿರಾರು ಜನರಿಗೆ ಸಲ್ಲಬೇಕಾದ ಸರೋವರದ ದಂಡೆ ಕೆಲವೇ ಕುಟುಂಬಗಳ ಪಾಲಾಗಕೂಡದು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಬುಲ್ಡೋಜರುಗಳು ಕೆಲಸ ಆರಂಭಿಸಿದವು. 1960ರ ದಶಕದ ಅಂತ್ಯಕ್ಕೆ ಉಳಿದದ್ದು ವಾರ್ಡ್ಸ್ ಮತ್ತು ಅಲ್ಗಾಂಕ್ವಿನ್‌ಗಳ ಸುಮಾರು 250 ಮನೆಗಳು.

ಆ ಹೊತ್ತಿಗೆ ಟೊರಾಂಟೊ ದ್ವೀಪ ನಿವಾಸಿಗಳ ಸಂಘ ರೂಪುಗೊಂಡಿತು. ನ್ಯಾಯಾಲಯದಲ್ಲಿ ವ್ಯಾಜ್ಯ, ಜನಪ್ರತಿನಿಧಿಗಳ ಮನವೊಲಿಕೆ, ಪತ್ರಿಕೆಗಳ ಮೂಲಕ ಪ್ರಚಾರ ಹೀಗೆ ಹಲವು ದಾರಿಗಳಲ್ಲಿ ಅದು ಮುನ್ನಡೆಯಿತು. ಟೊರಾಂಟೊ ನಗರ ಪಾಲಿಕೆಯು 1970ರ ದಶಕದಲ್ಲಿ ನಿವಾಸಿಗಳ ಪರ ನಿಂತಿತಾದರೂ ಮೆಟ್ರೊ ತನ್ನ ಪಟ್ಟು ಸಡಿಲಿಸಲಿಲ್ಲ.

ಸೇತುವೆಯ ಮೇಲಿನ ದಿನ

1980ರ ಜುಲೈ 28ರಂದು ತೆರವಿನ ಆದೇಶ ಹಿಡಿದು ನ್ಯಾಯಾಲಯದ ಅಧಿಕಾರಿ ದ್ವೀಪಕ್ಕೆ ಬಂದರು. ಅಲ್ಗಾಂಕ್ವಿನ್ ಸೇತುವೆಯ ಬಳಿ ಇಡೀ ಊರೇ ನೆರೆದಿತ್ತು. ಮುಖಂಡರು ಮಾತುಕತೆ ನಡೆಸಿ ಅವರನ್ನು ಹಿಂದಿರುಗುವಂತೆ ಒಪ್ಪಿಸಿದರು. ಬಳಿಕ ಒಂಟಾರಿಯೊ ಪ್ರಾಂತ್ಯ ಸರ್ಕಾರವು ಬ್ಯಾರಿ ಸ್ವಾಡ್ರನ್ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. 1981ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನು 2005ರವರೆಗೆ ವಾಸಕ್ಕೆ ಅವಕಾಶ ನೀಡಿತು. ಅದು ಪರಿಹಾರವಲ್ಲ, ಬಿಡುವು ಮಾತ್ರ.

ಬಿಟ್ಟುಕೊಟ್ಟು ಗಳಿಸಿದ್ದು

ಶಾಶ್ವತ ಒಪ್ಪಂದ ಬಂದದ್ದು 1993ರಲ್ಲಿ, ಬಾಬ್ ರೇ ಅವರ ಪ್ರಾಂತ್ಯ ಸರ್ಕಾರದ ಕಾಲದಲ್ಲಿ. ಹೊಸ ಕಾಯ್ದೆಯು ಭೂಮಿಯ ಹೊಣೆಯನ್ನು ಟ್ರಸ್ಟ್ ಒಂದಕ್ಕೆ ವಹಿಸಿ, ನಿವಾಸಿಗಳಿಗೆ 99 ವರ್ಷಗಳ ಗುತ್ತಿಗೆಯನ್ನು ಒದಗಿಸಿತು.

ಅದಕ್ಕೆ ಪ್ರತಿಯಾಗಿ ಮನೆಯೊಡೆಯರು ತ್ಯಜಿಸಿದ್ದು ಅಲ್ಪವೇನಲ್ಲ. ಮನೆಯನ್ನು ಮಾರುಕಟ್ಟೆ ಬೆಲೆಗೆ ಮಾರುವಂತಿಲ್ಲ; ಕಟ್ಟಡದ ಮೌಲ್ಯ ಹಾಗೂ ಗುತ್ತಿಗೆಯ ನಿಗದಿತ ಲೆಕ್ಕಾಚಾರವೇ ಬೆಲೆಯನ್ನು ನಿರ್ಧರಿಸುತ್ತದೆ. ಮನೆಯೇ ಮುಖ್ಯ ವಾಸಸ್ಥಳವಾಗಿರಬೇಕು. ಪತಿ, ಪತ್ನಿ ಅಥವಾ ಮಕ್ಕಳಿಗೆ ಬಿಟ್ಟುಹೋಗಬಹುದು. ಇಲ್ಲವಾದರೆ 500 ಹೆಸರುಗಳ ಮಿತಿಯುಳ್ಳ ಸರದಿ ಪಟ್ಟಿಯಲ್ಲಿರುವವರಿಗೇ ಕೊಡಬೇಕು. ಮನೆಗಳು ತೀರ ವಿರಳವಾಗಿ ಮಾರಾಟಕ್ಕೆ ಬರುವುದರಿಂದ ಪಟ್ಟಿಯಲ್ಲಿದ್ದವರು ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಆಕ್ಷೇಪಗಳು ಅಡಗಿಲ್ಲ. ಸಾರ್ವಜನಿಕ ಭೂಮಿಯಲ್ಲಿ ಕೆಲವರಿಗೆ ಮಾತ್ರ ವಿಶೇಷ ಸವಲತ್ತು ಏಕೆಂದು ಕೇಳುವವರಿದ್ದಾರೆ. ಆದರೆ ಲಾಭದ ಮಾರಾಟವೇ ಇಲ್ಲದ ಕಡೆ ಭೂವ್ಯಾಪಾರಕ್ಕೂ ಎಡೆಯಿಲ್ಲ ಎಂಬುದು ಒಪ್ಪಂದದ ಪರವಾಗಿರುವವರ ಉತ್ತರ.

ತೆರವಿಗೆ ಹಟ ಹಿಡಿದಿದ್ದ ಮೆಟ್ರೊ ಆಡಳಿತವು 1998ರಲ್ಲಿ ನಗರಗಳ ವಿಲೀನದೊಂದಿಗೆ ತಾನೇ ಇಲ್ಲವಾಯಿತು. ಅದು ಕೆಡವಬೇಕೆಂದಿದ್ದ ಮನೆಗಳು ಉಳಿದಿವೆ. ಮಾರುವ ಹಕ್ಕನ್ನು ಬಿಟ್ಟುಕೊಟ್ಟು ಬಾಳುವ ಹಕ್ಕನ್ನು ಪಡೆದದ್ದೇ ಆ ಊರು ಉಳಿದ ಗುಟ್ಟು.