ಗೇರ್‌ಬಾಕ್ಸಿಗೆ ಸುದ್ದಿ ತಂದವರು

ಆಟೋಮ್ಯಾಟಿಕ್ ಗೇರಿನ ಸ್ಪೋರ್ಟ್ಸ್ ಕಾರು ಸ್ಪೋರ್ಟ್ಸ್ ಕಾರೇ ಅಲ್ಲ ಎಂದು ಮೂಗು ಮುರಿಯುವವರನ್ನು ಮಿಷಿಗನ್ನಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರೆದುರು ನಾನು 1953ರ ಕಾರ್ವೆಟ್‌ನ ಮಾತೆತ್ತುತ್ತೇನೆ. ಫ್ಲಿಂಟ್ ಊರಿನಲ್ಲಿ ಆ ವರ್ಷ ತಯಾರಾದದ್ದು 300 ಕಾರು. ಎಲ್ಲವೂ ಬಿಳಿ, ಎಲ್ಲಕ್ಕೂ ಆರು ಸಿಲಿಂಡರಿನ ಎಂಜಿನ್, ಎಲ್ಲಕ್ಕೂ ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್. ದುಡ್ಡು ಕೊಡುತ್ತೇನೆಂದರೂ ಕ್ಲಚ್ ಪೆಡಲ್ ಸಿಗುತ್ತಿರಲಿಲ್ಲ. ಅಮೆರಿಕದ ಹೆಸರುವಾಸಿ ಸ್ಪೋರ್ಟ್ಸ್ ಕಾರು ಹುಟ್ಟಿದ್ದೇ ಎಡಗಾಲಿಗೆ ಕೆಲಸ ಕೊಡದೆ.

ನಾನು ದಾವಣಗೆರೆಯವನು, ಲಾರಿ ಗ್ಯಾರೇಜುಗಳ ನಡುವೆ ಬೆಳೆದವನು. ಅಲ್ಲಿ ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದರೆ ಕಾಯಿಲೆ ಕಣ್ಣಿಗೇ ಕಾಣುತ್ತಿತ್ತು: ಹಲ್ಲು ಮುರಿದಿರುತ್ತಿತ್ತು, ಇಲ್ಲ ಬೇರಿಂಗ್ ಪುಡಿಯಾಗಿರುತ್ತಿತ್ತು. ಇಲ್ಲಿ ಇಪ್ಸಿಲ್ಯಾಂಟಿಯ ಹತ್ತಿರ, ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳನ್ನೇ ರಿಪೇರಿ ಮಾಡುವ ಅಂಗಡಿಗೆ ಸೇರಿದ ಮೇಲೆ ಬೇರೆಯೇ ಲೋಕ. ಬಾಕ್ಸ್ ಒಳಗೆ ಸುಟ್ಟ ಕ್ಲಚ್ ಪ್ಲೇಟ್ ಸಿಕ್ಕರೂ ಅದು ಯಾಕೆ ಸುಟ್ಟಿತು ಎಂಬುದಕ್ಕೆ ಉತ್ತರ ಹೆಚ್ಚಾಗಿ ಬಾಕ್ಸಿನ ಹೊರಗಿರುತ್ತಿತ್ತು. ಪ್ಲೇಟ್ ಮಾತ್ರ ಬದಲಾಯಿಸಿ ಕಳಿಸಿದರೆ ಅದೇ ಕಾರು ಮತ್ತೆ ಬಾಗಿಲಿಗೆ ಬರುತ್ತಿತ್ತು.

ಇದಕ್ಕೆ ಕಾರಣ ಸರಳ. ಗೇರ್ ಯಾವಾಗ ಬದಲಾಯಿಸಬೇಕೆಂದು ತಿಳಿಯಲು ಆಟೋಮ್ಯಾಟಿಕ್ ಬಾಕ್ಸಿಗೆ ಎರಡು ಸುದ್ದಿ ಬೇಕು. ಕಾರು ಎಷ್ಟು ವೇಗದಲ್ಲಿದೆ ಎಂಬುದು ಒಂದು, ಎಂಜಿನ್ ಎಷ್ಟು ತಿಣುಕುತ್ತಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಗವರ್ನರ್ ಕೊಡುತ್ತಿತ್ತು: ಹಿಂದಿನ ಶಾಫ್ಟಿನ ಜೊತೆ ತಿರುಗುವ ಸಣ್ಣ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಹಾರಿ ಆಯಿಲ್ ಒತ್ತಡ ಏರಿಸುತ್ತಿದ್ದವು. ಗವರ್ನರಿನ ನೈಲಾನ್ ಗೇರ್ ಸವೆದರೆ ಕಾರು ಒಂದನೇ ಗೇರಿನಲ್ಲೇ ಕಿರುಚುತ್ತಾ ಹೋಗುತ್ತದೆ. ಅದನ್ನು ಹಿಡಿಯುವುದು ಕಷ್ಟವಲ್ಲ. ತಕರಾರೆಲ್ಲ ಎರಡನೆಯ ಸುದ್ದಿಯದು. ಅದನ್ನು ತರುವ ಓಲೆಕಾರ ಕಾಲಕಾಲಕ್ಕೆ ಬದಲಾದ, ಅವನ ಜೊತೆಗೆ ಅಂಗಡಿಗೆ ಬರುವ ದೂರುಗಳೂ ಬದಲಾದವು. ಈ ಕಸುಬಿನ ಚರಿತ್ರೆಯನ್ನು ನಾನು ಓದಿಕೊಂಡದ್ದು ಹಾಗೆ.

ಮೊದಲ ಓಲೆಕಾರ ಒಂದು ಕಬ್ಬಿಣದ ಕಡ್ಡಿ. ಜನರಲ್ ಮೋಟರ್ಸ್‌ನವರು 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಬಾಕ್ಸ್ ತಂದರು. ಕಾರ್ಬುರೇಟರಿನಿಂದ ಬಾಕ್ಸಿನ ತನಕ ಒಂದು ಲಿಂಕೇಜ್ ಇರುತ್ತಿತ್ತು. ಅದು ಸ್ವಲ್ಪ ಬಾಗಿದರೂ, ಅದರ ಅಳತೆ ತಪ್ಪಿದರೂ ಗೇರ್ ಬೇಗ ಬೀಳುತ್ತಿತ್ತು ಅಥವಾ ತಡವಾಗುತ್ತಿತ್ತು. ಯುದ್ಧದಲ್ಲಿ ಇದೇ ಬಾಕ್ಸನ್ನು ಎರಡೆರಡು ಕ್ಯಾಡಿಲ್ಯಾಕ್ ಎಂಜಿನ್ನುಗಳ ಜೊತೆ ಎಂ5 ಟ್ಯಾಂಕುಗಳಿಗೂ ಹಾಕಿದರು. ಯುದ್ಧ ಮುಗಿದ ಮೇಲೆ ಎದುರಾಳಿ ಫೋರ್ಡ್ ಕೂಡ ತನ್ನ ಲಿಂಕನ್ ಕಾರಿಗೆ ಇದನ್ನು ಕೊಂಡುಕೊಂಡಿತು.

ಫ್ಲಿಂಟಿನಲ್ಲಿ ಬಿಳಿ ಕಾರ್ವೆಟ್‌ಗಳು ತಯಾರಾಗುತ್ತಿದ್ದ ಅದೇ ಬೇಸಿಗೆಯಲ್ಲಿ, 1953ರ ಆಗಸ್ಟ್ 12ರಂದು, ಲಿವೋನಿಯಾದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಸುಟ್ಟುಹೋಯಿತು. ಕನ್ವೇಯರ್ ಕೆಳಗಿನ ಎಣ್ಣೆತಟ್ಟೆಗೆ ಗ್ಯಾಸ್ ಟಾರ್ಚಿನ ಕಿಡಿ ಬಿತ್ತು. ಚಾವಣಿಯ ಟಾರು ಕರಗಿ ಉರಿಯುತ್ತಾ ಸುರಿಯಿತು. ಸುಮಾರು 15 ಲಕ್ಷ ಚದರಡಿಯ ಕಟ್ಟಡ ನೆಲಸಮ. ಗೇರ್‌ಬಾಕ್ಸ್ ಇಲ್ಲದೆ ಕಾರು ಮಾರುವುದು ಹೇಗೆ? ಕ್ಯಾಡಿಲ್ಯಾಕ್, ಓಲ್ಡ್ಸ್‌ಮೊಬೈಲ್‌ಗಳಿಗೆ ಬ್ಯೂಕ್‌ನ ಡೈನಾಫ್ಲೋ ಹಾಕಿದರು, ಪಾಂಟಿಯಾಕ್‌ಗೆ ಪವರ್‌ಗ್ಲೈಡ್ ಹಾಕಿದರು. ಯುದ್ಧಕಾಲದಲ್ಲಿ ಬಿ-24 ಬಾಂಬರ್ ವಿಮಾನ ಕಟ್ಟಿದ್ದ ವಿಲೋ ರನ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ಮತ್ತೆ ಹೂಡಿದರು. ನಮ್ಮ ಅಂಗಡಿಯ ಹಿರಿಯ ಮೆಕ್ಯಾನಿಕ್ ಆ ವಿಲೋ ರನ್‌ನಲ್ಲಿ ದುಡಿದು ಬಂದವನು. ಹಳೆಯ ಕಾರು ಬಂದರೆ, ಯಾವ ಕಂಪನಿಯ ಕಾರು ಎಂದು ಕೇಳುವ ಮೊದಲು ಕೆಳಗೆ ತೂರಿ ಪ್ಯಾನಿನ ಬೋಲ್ಟ್ ಎಣಿಸುತ್ತಿದ್ದ. ಪವರ್‌ಗ್ಲೈಡ್‌ಗೆ 14, ಮುಂದೆ ಬಂದ ಟರ್ಬೊ 400 ಬಾಕ್ಸಿಗೆ 13, 700ಆರ್4 ಬಾಕ್ಸಿಗೆ 16. ಐವತ್ತು ವರ್ಷದಲ್ಲಿ ಯಾರು ಯಾವುದಕ್ಕೆ ಏನು ಜೋಡಿಸಿದ್ದಾರೋ ದೇವರೇ ಬಲ್ಲ ಎನ್ನುತ್ತಿದ್ದ.

ಎರಡನೆಯ ಓಲೆಕಾರ ನನಗೆ ಅಚ್ಚುಮೆಚ್ಚು. 1964ರ ಮಾದರಿಯ ಕ್ಯಾಡಿಲ್ಯಾಕ್ ಮತ್ತು ಬ್ಯೂಕ್‌ಗಳಲ್ಲಿ ಟರ್ಬೊ ಹೈಡ್ರಾಮ್ಯಾಟಿಕ್ 400 ಬಂತು. 1968ರಲ್ಲಿ ಕಾರ್ವೆಟ್‌ನಲ್ಲಿ ಪವರ್‌ಗ್ಲೈಡನ್ನು ಹೊರದಬ್ಬಿತು. ಗಟ್ಟಿ ಬಾಕ್ಸು. ರೋಲ್ಸ್-ರಾಯ್ಸ್ ಕೊಂಡಿತು, ಜಾಗ್ವಾರ್ ಕೊಂಡಿತು. 1976ರಲ್ಲಿ ಫೆರಾರಿ ತನ್ನ ಮೊದಲ ಆಟೋಮ್ಯಾಟಿಕ್ ಕಾರಾದ 400ಕ್ಕೆ ಇದನ್ನೇ ಆರಿಸಿತು. ಹನ್ನೆರಡು ಸಿಲಿಂಡರಿನ ಇಟಲಿಯ ಎಂಜಿನ್ನಿನ ಹಿಂದೆ ನಮ್ಮ ಮಿಷಿಗನ್ನಿನ ಬಾಕ್ಸು! ಫೆರಾರಿ ಅಭಿಮಾನಿಗಳಿಗೆ ಈ ವಿಷಯ ಅಷ್ಟಾಗಿ ಹಿಡಿಸದು.

ಇದರಲ್ಲಿ ಎಂಜಿನ್ನಿನ ಸುದ್ದಿ ಬರುತ್ತಿದ್ದುದು ಗಾಳಿಯಿಂದ, ಅಂದರೆ ಗಾಳಿ ಇಲ್ಲದಿರುವುದರಿಂದ. ಎಂಜಿನ್ ಹಗುರವಾಗಿ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚು. ಆಕ್ಸಿಲರೇಟರ್ ತುಳಿದಷ್ಟೂ ಕಡಿಮೆ. ಅಲ್ಲಿಂದ ಒಂದು ಸಣ್ಣ ಪೈಪು ಗೇರ್‌ಬಾಕ್ಸಿನ ಬಲಮಗ್ಗುಲಿನ ತಗಡು ಡಬ್ಬಿಗೆ ಬರುತ್ತದೆ. ಡಬ್ಬಿಯ ಹೆಸರು ಮಾಡ್ಯುಲೇಟರ್. ಒಳಗೆ ರಬ್ಬರಿನ ಡಯಾಫ್ರಾಂ. ಬಾಕ್ಸಿಗೆ ಹಿಡಿದಿರುವುದು ಒಂದೇ ಬೋಲ್ಟು. ನಿರ್ವಾತ ಚೆನ್ನಾಗಿದ್ದರೆ ಒತ್ತಡ ಇಳಿದು ಗೇರ್ ಮೆತ್ತಗೆ, ಬೇಗ ಬೀಳುತ್ತದೆ. ನಿರ್ವಾತ ಇಲ್ಲದಿದ್ದರೆ ಡ್ರೈವರ್ ಪೂರ್ತಿ ತುಳಿದಿದ್ದಾನೆಂದು ಬಾಕ್ಸ್ ನಂಬುತ್ತದೆ. ಗೇರ್ ತಡವಾಗಿ, ಬೆನ್ನಿಗೆ ಒದ್ದಂತೆ ಬೀಳುತ್ತದೆ.

ಹಾಗಾಗಿ ರಬ್ಬರ್ ಪೈಪಿನ ಒಂದು ಬಿರುಕು ಸಾಕು, ಗಿರಾಕಿ “ಗೇರ್‌ಬಾಕ್ಸ್ ಹೋಯ್ತು” ಎಂದು ಬರುತ್ತಾನೆ. ಎಂಜಿನ್ನಿನ ವಾಲ್ವ್ ಸುಟ್ಟಿದ್ದರೂ, ಇಗ್ನಿಷನ್ ಟೈಮಿಂಗ್ ತಪ್ಪಿದ್ದರೂ ನಿರ್ವಾತ ಕುಸಿಯುತ್ತದೆ, ಜರ್ಕ್ ಬಾಕ್ಸಿನಲ್ಲಿ ಕಾಣುತ್ತದೆ. “ಮೊದಲು ಎಂಜಿನ್ ಸರಿಯಾಗಿ ಓಡಲಿ, ಆಮೇಲೆ ನನ್ನ ಹತ್ತಿರ ತಾ” ಎಂದು ನಮ್ಮ ಹಿರಿಯ ಎಷ್ಟೋ ಜನರನ್ನು ವಾಪಸ್ ಕಳಿಸಿದ್ದುಂಟು. ಮಾಲೀಕನಿಗೆ ಅದು ಗಿಟ್ಟುವ ಮಾತಾಗಿರಲಿಲ್ಲ.

ಡಯಾಫ್ರಾಂ ಹರಿದರೆ ಇನ್ನೂ ಮೋಜು. ಎಂಜಿನ್ ಆ ಪೈಪಿನಿಂದ ಗೇರ್‌ಬಾಕ್ಸಿನ ಕೆಂಪು ಆಯಿಲನ್ನೇ ಹೀರಿ ಸುಡುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುತ್ತಲೇ ಇರುತ್ತದೆ, ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಹೀಗೆ ಹೊಗೆಯುಗುಳುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಒಬ್ಬರು ತಂದರು. ಬೇರೊಂದು ಗ್ಯಾರೇಜಿನವರು ಎಂಜಿನ್ ಪೂರ್ತಿ ಬಿಚ್ಚಬೇಕೆಂದು ಅಂದಾಜುಪಟ್ಟಿ ಬರೆದುಕೊಟ್ಟಿದ್ದರು. ಹಿರಿಯ ಮಾಡ್ಯುಲೇಟರಿನ ಪೈಪು ಕಿತ್ತು ಬೆರಳು ತೂರಿಸಿ, ಕೆಂಪಾದ ಬೆರಳನ್ನು ಅವರ ಮುಖದ ಮುಂದೆ ಹಿಡಿದ. ಬಾಯಿ ಬಿಡಲಿಲ್ಲ.

ಆ ಕೆಂಪು ಆಯಿಲಿಗೂ ಒಂದು ಕಥೆ ಇದೆ. 1949ರಲ್ಲಿ ಜನರಲ್ ಮೋಟರ್ಸ್ ಟೈಪ್ ಎ ಎಂಬ ಮಾನದಂಡ ಹೊರಡಿಸಿತು. ಕ್ಲಚ್ ಪ್ಲೇಟುಗಳು ಮೆತ್ತಗೆ ಹಿಡಿಯಲೆಂದು ಅದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ತಿಮಿಂಗಿಲ ರಕ್ಷಣೆಯ ಕಾನೂನು ಬಂದು ಅದು ನಿಂತಿತು, ಡೆಕ್ಸ್‌ರಾನ್-2 ಬಂತು. ಅದರ ಮೊದಲ ರೂಪ ರೇಡಿಯೇಟರ್ ಒಳಗಿನ ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ಕೂಲರ್ ತೂತಾದರೆ ನೀರು ಬೆರೆತು ಆಯಿಲ್ ಸ್ಟ್ರಾಬೆರಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ, ಪಾರ್ಕ್‌ನಲ್ಲಿ, ಸಮನೆಲದಲ್ಲಿ ಡಿಪ್‌ಸ್ಟಿಕ್ ಎಳೆದು ಬಣ್ಣ ನೋಡಿ ಮೂಸುವ ಪದ್ಧತಿ ಇವತ್ತಿಗೂ ಉಳಿದಿದೆ. ಕಂದು ಬಣ್ಣ, ಸೀದ ವಾಸನೆ ಬಂತೋ, ಆಗ ಮಾತ್ರ ಪ್ಯಾನ್ ಬಿಚ್ಚುವ ಮಾತು.

ಮೂರನೆಯವನು ಕೇಬಲ್, ಅವನೇ ಕೆಟ್ಟವನು. 1982ರ ಕಾರ್ವೆಟ್ ಕೂಡ 1953ರದ್ದರಂತೆ ಆಟೋಮ್ಯಾಟಿಕ್ ಮಾತ್ರ. ಬಾಕ್ಸು ಹೊಸ 700ಆರ್4, ನಾಲ್ಕು ಗೇರು, ಪೆಟ್ರೋಲ್ ಉಳಿಸಲು ಓವರ್‌ಡ್ರೈವ್. ಥ್ರಾಟಲಿನಿಂದ ಬರುವ ಕೇಬಲ್ ಎಳೆದಷ್ಟೂ ಬಾಕ್ಸಿನ ಒತ್ತಡ ಏರುತ್ತದೆ. ಮಾಡ್ಯುಲೇಟರಿನ ಪೈಪು ಬಿದ್ದುಹೋದರೆ ಬಾಕ್ಸು ಜೋರು ಕೆಲಸವೆಂದೇ ಎಣಿಸಿ ಒತ್ತಡ ಏರಿಸಿಕೊಂಡು ಪ್ಲೇಟುಗಳನ್ನು ಕಾಪಾಡುತ್ತಿತ್ತು. ಸಡಿಲವಾಗಿ ಕೂತ ಕೇಬಲ್ ಹಾಗಲ್ಲ, ಸುಳ್ಳು ಹೇಳುತ್ತದೆ: ಕೆಲಸ ಹಗುರ, ಒತ್ತಡ ಬೇಡ ಎನ್ನುತ್ತದೆ. ಡ್ರೈವರಿಗೆ ಗೇರ್ ಹಿತವಾಗಿ, ಮೆತ್ತಗೆ ಬೀಳುತ್ತಿದೆ ಅನ್ನಿಸುತ್ತದೆ. ಒಳಗೆ ಮೂರು-ನಾಲ್ಕನೇ ಗೇರಿನ ಕ್ಲಚ್ ಜಾರಿ ಸುಡುತ್ತಿರುತ್ತದೆ. ಈ ಬಾಕ್ಸಿಗೆ ಕೆಟ್ಟ ಹೆಸರು ಬಂದದ್ದರಲ್ಲಿ, ಬೇರೆ ಕಾರ್ಬುರೇಟರ್ ಹಾಕಿ ಕೇಬಲಿನ ಅಳತೆ ನೋಡದೆ ಬಿಟ್ಟ ಹವ್ಯಾಸಿಗಳ ಪಾಲು ಕಡಿಮೆಯಲ್ಲ ಎಂಬುದು ನನ್ನ ಲೆಕ್ಕ. ಕಾರ್ಖಾನೆಯ ಪಾಲೂ ಇತ್ತು: ಮೊದಮೊದಲ ಇನ್‌ಪುಟ್ ಶಾಫ್ಟು 27 ಹಲ್ಲಿನದು, ಮುಂದೆ ಅದನ್ನು 30ಕ್ಕೆ ಏರಿಸಿ ಗಟ್ಟಿಮಾಡಿದರು.

ಜೊತೆಗೆ, ಓಟದಲ್ಲಿ ಎಂಜಿನ್ನನ್ನೂ ಬಾಕ್ಸನ್ನೂ ನೇರವಾಗಿ ಬಿಗಿದು ಹಿಡಿಯುವ ಲಾಕಪ್ ಕ್ಲಚ್ ಬಂತು. ಬ್ರೇಕ್ ಒತ್ತಿದಾಗ ಅದು ಬಿಡಬೇಕು. ಬಿಡದಿದ್ದರೆ ಸಿಗ್ನಲ್ಲಿನಲ್ಲಿ ಎಂಜಿನ್ ಬಂದ್ ಆಗುತ್ತದೆ. ಬಾಕ್ಸಿನ ಪಕ್ಕದ ವೈರಿನ ಪ್ಲಗ್ ಕಿತ್ತು ಓಡಿಸಿ ನೋಡಿದರೆ, ದೋಷ ವೈರಿನದೋ ಬಾಕ್ಸಿನದೋ ಗೊತ್ತಾಗುತ್ತಿತ್ತು. ಆ ಕಾಲದ ಕಾರುಗಳ ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್ಟಿನಲ್ಲಿ ಕಾಗದದ ಕ್ಲಿಪ್ ಬಗ್ಗಿಸಿ ಎರಡು ತೂತು ಜೋಡಿಸಿದರೆ ಎಂಜಿನ್ ದೀಪ ಮಿನುಗಿ ಕೋಡ್ ಹೇಳುತ್ತಿತ್ತು. ಮೊದಲು 12 ಮೂರು ಬಾರಿ, ನಾನಿನ್ನೂ ಬದುಕಿದ್ದೇನೆ ಎನ್ನುವಂತೆ. ಆಮೇಲೆ 24 ಬಂದರೆ ಸ್ಪೀಡ್ ಸೆನ್ಸರ್. ಹಿರಿಯನಿಗೆ ಈ ಮಿಣಮಿಣ ಎಂದೂ ಒಗ್ಗಲಿಲ್ಲ.

1994ರ ಕಾರ್ವೆಟ್‌ಗೆ ಬಂದ 4ಎಲ್60-ಇಯಲ್ಲಿ ಗವರ್ನರೂ ಇಲ್ಲ, ಕೇಬಲೂ ಇಲ್ಲ. ಎರಡೂ ಸುದ್ದಿ ವೈರಿನಲ್ಲೇ. ಕೇಬಲಿನ ಪಾಠ ಕಲಿತವರಂತೆ ಇದನ್ನು ಕಟ್ಟಿದ್ದಾರೆ: ಕರೆಂಟ್ ಪೂರ್ತಿ ಹೋದರೆ ಬಾಕ್ಸು ಮೂರನೇ ಗೇರಿನಲ್ಲಿ ನಿಂತು ಒತ್ತಡವನ್ನು ತುದಿಗೇರಿಸಿಕೊಳ್ಳುತ್ತದೆ. ಕಾರು ಎಳೆಯಲಾರದೆ ಎಳೆಯುತ್ತದೆ, ಆದರೆ ಮನೆ ಸೇರುತ್ತದೆ. ವೈರಿನ ಬಾಯಿ ಕಟ್ಟಿದಾಗಿನ ಮಾತಾಯಿತು ಇದು. ಸುಳ್ಳು ಹೇಳುವುದನ್ನು ವೈರೂ ಬಿಟ್ಟಿಲ್ಲ. ಥ್ರಾಟಲ್ ಸೆನ್ಸರಿನ ಒಳಪಟ್ಟಿ ಒಂದು ಕಡೆ ಸವೆದಿದ್ದರೆ ಹೆದ್ದಾರಿಯಲ್ಲಿ ಲಾಕಪ್ ಹಿಡಿದು ಬಿಟ್ಟು ಮಾಡುತ್ತದೆ, ಗಿರಾಕಿಗೆ ಬಾಕ್ಸು ನಡುಗಿದಂತೆ ಅನ್ನಿಸುತ್ತದೆ, ಎಷ್ಟೋ ಸಲ ಕೋಡೂ ಬರುವುದಿಲ್ಲ. ಅಂಥ ಕಡೆ ನಾನು ಮುಳ್ಳಿನ ಹಳೆಯ ಮೀಟರ್ ಹಚ್ಚಿ ಥ್ರಾಟಲನ್ನು ನಿಧಾನವಾಗಿ ತೆರೆಯುತ್ತೇನೆ. ಸವೆದ ಜಾಗದಲ್ಲಿ ಮುಳ್ಳು ತಟ್ಟನೆ ಬಿದ್ದು ಏಳುತ್ತದೆ. ಸೆನ್ಸರ್ ಹಿಡಿದಿರುವುದು ಎರಡು ಸ್ಕ್ರೂ. ಗೇರ್‌ಬಾಕ್ಸಿನ ಕೆಳಗೆ ತೂರುವ ಕೆಲಸವೇ ಇಲ್ಲ.