ಈಶ್ವರ ಸಂವತ್ಸರದಲ್ಲಿ ಬಂದ ಹುಡುಗ

ನಮ್ಮ ಮುತ್ತಜ್ಜ ಪಟೇಲಿಕೆ ಮಾಡಿದವನಲ್ಲ, ಯಾವ ಶಾಸನದಲ್ಲಿಯೂ ಅವನ ಹೆಸರಿಲ್ಲ. ಕಡೂರು ಸೀಮೆಯಲ್ಲಿ ಅಯ್ಯನಕೆರೆಯ ನೀರು ಹಾಯುವ ಒಂದು ಸಣ್ಣ ಹಳ್ಳಿಯಲ್ಲಿ ಬೇಸಾಯ ಮಾಡಿ ಬಾಳಿದ ಒಕ್ಕಲು. ಇಂಥವನ ಚರಿತ್ರೆಗೆ ಆಧಾರಗಳು ಎರಡೇ: ಕಂದಾಯದ ಲೆಕ್ಕ ಮತ್ತು ಮನೆಯ ಮಾತು. ಊರಿನ ಹಳೆಯ ಕಡತಗಳು ಶಾನುಭೋಗರ ಅಟ್ಟದಲ್ಲಿದ್ದವು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದ ಮೇಲೆ, ನಮ್ಮೂರಿನ ಮಟ್ಟಿಗಂತೂ, ಅವು ಗೆದ್ದಲಿನ ಪಾಲಾದವು.

ಮನೆಯ ಮಾತು ಹೀಗಿತ್ತು: ನಾವು ಊರಿನ ಮೂಲ ಒಕ್ಕಲು, ಹೊಲಗದ್ದೆಗಳೆಲ್ಲ ಹಿರಿಯರು ಕಾಡು ಕಡಿದು ಮಾಡಿದ್ದು, ಆದ್ದರಿಂದ ಅದು ಗಂಡುಮಕ್ಕಳಿಗೇ ಸಲ್ಲತಕ್ಕದ್ದು.

ನಮ್ಮ ಕುಲದ ಹೆಳವರು ಬೇರೆಯೇ ಹೇಳಿದರು. ಸಿಂಗರಿಸಿದ ಎತ್ತನ್ನೇರಿ ಬಂದು ವಂಶಾವಳಿಯನ್ನು ಹಾಡುವ ಈ ಜನ ಸುಗ್ಗಿ ಮುಗಿದ ಮೇಲೆ ಊರೂರು ತಿರುಗುತ್ತಾರೆ. (ಕಳೆದ ಸಲ ನಮ್ಮ ಮನೆಗೆ ಬಂದವರು ಬಾಡಿಗೆ ವ್ಯಾನಿನಲ್ಲಿ ಬಂದರು, ಎತ್ತನ್ನು ನೋಡಲು ಕಾದಿದ್ದ ಮೊಮ್ಮಕ್ಕಳಿಗೆ ನಿರಾಸೆ.) ಅವರ ವಹಿಯ ಪ್ರಕಾರ ನಮ್ಮ ಮೂಲ ಶಿರಾ ಸೀಮೆ. ನಾಲ್ವರು ಗಂಡುಮಕ್ಕಳಲ್ಲಿ ಮೂವರು ಈಶ್ವರ ಸಂವತ್ಸರದಲ್ಲಿ ತೀರಿದರು. ಉಳಿದೊಬ್ಬನು ಸೋದರಮಾವನ ಊರು ಸೇರಿ, ಅಲ್ಲಿಯೇ ಮನೆಯಳಿಯನಾದನು.

ಯಾವ ಈಶ್ವರ? ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1817 ಇರಬಹುದು, 1877 ಇರಬಹುದು, 1937ಂತೂ ಅಲ್ಲ. ಈ ಹುಡುಗನ ಮಗನಾದ ನನ್ನ ಅಜ್ಜ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಹಳ್ಳಿಗಳಿಗೂ ಹರಡಿ ಜನ ಊರು ಬಿಟ್ಟಾಗ, ದನ ಕಾಯುವ ವಯಸ್ಸಿನವನಾಗಿದ್ದ. ಹಾಗಾದರೆ ಅಪ್ಪನ ಬಾಲ್ಯ 1877ರ ಸುತ್ತಲಿನದು. ಅದು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ನೆನೆಯುತ್ತಿದ್ದ ಮಹಾಕ್ಷಾಮದ ಕಾಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಪೂರ್ವದ ಬಯಲುಸೀಮೆಗೆ, ಅದರಲ್ಲಿಯೂ ತುಮಕೂರು, ಕೋಲಾರದ ಕಡೆಗೆ, ಪೆಟ್ಟು ಹೆಚ್ಚು. ಮಲೆನಾಡಿಗೆ ತೀರ ಕಡಿಮೆ. ಆದುದರಿಂದ ಮಗುವೊಂದನ್ನು ಪಶ್ಚಿಮದ ಕಡೆಗೆ, ಬೆಟ್ಟದ ಹಳ್ಳಗಳಿಂದ ತುಂಬುವ ಕೆರೆಯ ಕೆಳಗಿದ್ದ ನೆಂಟರ ಮನೆಗೆ ಕಳುಹಿಸಿದ ತಾಯಿಯ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಎಂಟು ಲಕ್ಷಕ್ಕೂ ಮೀರಿದ ಆ ಕೊರತೆಯಲ್ಲಿ ಮೂವರು ನಮ್ಮ ಮನೆಯವರು ಎಂದುಕೊಂಡ ಮೇಲೆ, ಶಾಲೆಯಲ್ಲಿ ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದ ಅಂಕಿಗಳು ಅಂಕಿಗಳಾಗಿ ಉಳಿಯಲಿಲ್ಲ.

ತಾಲ್ಲೂಕು ಕಚೇರಿಯ ಹಳೆಯ ಸರ್ವೆ ಪುಸ್ತಕವೂ ಹೆಳವರ ಮಾತಿಗೇ ಹೊಂದಿತು. ಖಾತೆ ಮೊದಲು ಸೋದರಮಾವನ ಹೆಸರಿನಲ್ಲಿ, ಅನಂತರ ಮುತ್ತಜ್ಜನ ಹೆಸರಿನಲ್ಲಿ. ಮಾವನಿಗಿದ್ದವಳು ಒಬ್ಬಳೇ ಮಗಳು. ಅವಳೇ ನಮ್ಮ ಮುತ್ತಜ್ಜಿ. ಸರ್ವೆ ಪುಸ್ತಕದಲ್ಲಿ ಅವಳ ಹೆಸರಿಲ್ಲ, ಕಂದಾಯ ಕಟ್ಟಿದವನು ಗಂಡ. ಹೆಳವರ ವಹಿಯಲ್ಲಿಯೂ ಇಲ್ಲ, ಅವರು ಬರೆಯುವುದು ಗಂಡುಸಂತಾನವನ್ನು. ಮಾವನ ಸಾಲು ಅಲ್ಲಿಗೇ ಕಡಿದಿದೆ. ಆದರೆ ಕೆರೆಯ ಕಡೆಯ ದೊಡ್ಡ ತಾಕನ್ನು ನಮ್ಮೂರಿನಲ್ಲಿ ಇಂದಿಗೂ ಕರೆಯುವುದು ‘ಅಜ್ಜಿಹೊಲ’ ಎಂದು. ಯಾವ ಅಜ್ಜಿ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಇಷ್ಟನ್ನು ಪತ್ತೆ ಹಚ್ಚುವ ಹೊತ್ತಿಗೆ ದಾಯಾದಿಗಳಲ್ಲಿ ಪಾಲುಪಾರಿಕತ್ತಿನ ಮಾತು ನಡೆದಿತ್ತು. 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲುಂಟು. ಆದರೂ ತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುವ ಸಿದ್ಧತೆಯಾಗಿತ್ತು. ಪಂಚಾಯಿತಿಗೆ ಕುಳಿತ ದಿನ ನಾನು ವಂಶವೃಕ್ಷವನ್ನು ಓದಿದೆನು. “ನಮ್ಮನ್ನು ಬರಗೆಟ್ಟು ಬಂದವರು ಎಂದು ಬರೀತೀಯೇನೋ ಮೇಷ್ಟ್ರೇ?” ಎಂದು ದೊಡ್ಡಪ್ಪನ ಹಿರಿಮಗ ಸಿಡಿದೆದ್ದ. ಬಂದವನು ಹತ್ತು ವರ್ಷದ ಹುಡುಗ ಅಣ್ಣಾ, ಅನ್ನ ಇಟ್ಟದ್ದು ಈ ಮನೆ, ಭೂಮಿ ಈ ಮನೆಯ ಮಗಳದು ಎಂದೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಚಿಕ್ಕ ತಂಗಿ ಎದ್ದು, ಪತ್ರವನ್ನು ಮಡಿಸಿ ಅಣ್ಣನ ಮುಂದಿಟ್ಟು, ರುಜು ಹಾಕುವುದಿಲ್ಲ ಎಂದಳು. ಅಜ್ಜಿಹೊಲದ ಅಳತೆಗೆ ಸರ್ವೆಯವರನ್ನು ಕರೆಸಿದ್ದಾರೆ.