ಸಿದ್ಧಾಯ, ಕಿರುಕುಳ ಮತ್ತು ಅಳುವವಳ ಧನ

ನಾವು ದಿನನಿತ್ಯ ಬಳಸುವ ಎರಡು ಮಾತುಗಳು ಹಿಂದಿನ ಕಾಲದ ತೆರಿಗೆಯ ಲೆಕ್ಕದಲ್ಲಿಯೂ ಇದ್ದವು ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಒಂದು ‘ಬಿಟ್ಟಿ’, ಇನ್ನೊಂದು ‘ಕಿರುಕುಳ’. ಸಂಸ್ಕೃತದ ವಿಷ್ಟಿಯಿಂದ ಬಂದ ಬಿಟ್ಟಿಯೆಂದರೆ ಕೂಲಿಯಿಲ್ಲದೆ ಪ್ರಭುತ್ವಕ್ಕೆ ಮಾಡಬೇಕಾದ ದುಡಿಮೆ. ಶಾಸನಗಳಲ್ಲಿ ಕಿರುಕುಳವೆಂದರೆ ಸಣ್ಣಪುಟ್ಟ ತೆರಿಗೆಗಳ ಸಮೂಹ. ಇಂದು ಬಿಟ್ಟಿ ಎಂದರೆ ಪುಕ್ಕಟೆ, ಕಿರುಕುಳ ಎಂದರೆ ಕಾಟ. ತೆರಿಗೆಯನ್ನು ಪಡೆದವರ ದೃಷ್ಟಿ ಒಂದು ಮಾತಿನಲ್ಲಿಯೂ, ತೆತ್ತವರ ಅನುಭವ ಇನ್ನೊಂದರಲ್ಲಿಯೂ ಉಳಿದುಕೊಂಡಂತೆ ತೋರುತ್ತದೆ.

ಮನೆದೆರೆ, ಮಗ್ಗದೆರೆ, ಗಾಣದೆರೆ, ಸುಂಕ, ಹೆಜ್ಜುಂಕ ಹೀಗೆ ಶಾಸನೋಕ್ತ ತೆರಿಗೆಗಳ ಪಟ್ಟಿ ಉದ್ದವಾದುದು. ಇವುಗಳಲ್ಲಿ ಮುಖ್ಯವಾದುದು ಸಿದ್ಧಾಯ, ಅಂದರೆ ಮೊದಲೇ ನಿಗದಿಯಾದ ಆದಾಯ. ನಿಗದಿಯಾದ ತೆರಿಗೆಯಲ್ಲಿ ಒಂದು ಗುಣವಿದೆ: ಅಧಿಕಾರಿ ಮನಬಂದಂತೆ ಏರಿಸಲಾರ, ಕೊಡುವವನಿಗೆ ತನ್ನ ಹೊಣೆ ಎಷ್ಟೆಂದು ತಿಳಿದಿರುತ್ತದೆ. ಆದರೆ ಅದರ ದೋಷವೂ ಅಲ್ಲಿಯೇ ಇದೆ. ಮಳೆ ಬಂದ ವರ್ಷಕ್ಕೂ ಬಾರದ ವರ್ಷಕ್ಕೂ ಮೊತ್ತ ಒಂದೇ ಆದರೆ, ಒಕ್ಕಲಿಗನ ಕಣಜಕ್ಕೂ ಅರಮನೆಯ ಲೆಕ್ಕಕ್ಕೂ ಸಂಬಂಧವೇ ಕಡಿದುಹೋಗುತ್ತದೆ.

ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ಸೋಮದೇವಸೂರಿ ಈ ದೋಷವನ್ನು ಸ್ಪಷ್ಟವಾಗಿ ಕಂಡಿದ್ದರು. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಇವರು ನೀತಿವಾಕ್ಯಾಮೃತವೆಂಬ ರಾಜನೀತಿಗ್ರಂಥದ ಕರ್ತೃವೂ ಹೌದು. ತೆನೆ ಇನ್ನೂ ಹಾಲುಗಟ್ಟಿರುವಾಗಲೇ ತೆರಿಗೆ ಎತ್ತುವ ಅರಸನು ನಾಡನ್ನೇ ಬರಿದು ಮಾಡುತ್ತಾನೆಂಬುದು ಅವರ ಎಚ್ಚರಿಕೆ. ಮರವನ್ನು ಕಡಿದು ಹಣ್ಣು ತಿನ್ನುವವನಿಗೆ ಹಣ್ಣು ಒಮ್ಮೆ ಮಾತ್ರ ದೊರೆಯುತ್ತದೆ ಎಂಬ ವಿವೇಕವೂ ಅಲ್ಲಿದೆ. ತೆರಿಗೆಯ ನ್ಯಾಯವು ‘ಎಷ್ಟು’ ಎಂಬುದರಲ್ಲಿ ಮಾತ್ರವಲ್ಲದೆ ‘ಯಾವಾಗ’ ಎಂಬುದರಲ್ಲಿಯೂ ಇದೆಯೆಂಬುದನ್ನು ಅವರು ಗುರುತಿಸಿದರು.

‘ಯಾರಿಂದ’ ಎಂಬುದು ಮೂರನೆಯ ಪ್ರಶ್ನೆ. ಗಂಡುಮಕ್ಕಳಿಲ್ಲದೆ ಸತ್ತವನ ಸೊತ್ತು ಅರಸನಿಗೆ ಸೇರುವ ಪದ್ಧತಿ ಹಿಂದೆ ಇತ್ತು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ, ಹಡಗು ಒಡೆದು ಸತ್ತ ವರ್ತಕ ಧನಮಿತ್ರನ ಸಂಪತ್ತಿನ ಪ್ರಸಂಗ ಬರುತ್ತದೆ. ದುಷ್ಯಂತನು ಅದನ್ನು ಬಾಚಿಕೊಳ್ಳದೆ, ಅವನ ಪತ್ನಿಯರಲ್ಲಿ ಯಾರಾದರೂ ಗರ್ಭಿಣಿಯರಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಆದರೆ ಅದು ಒಬ್ಬ ಅರಸನ ಕರುಣೆ. ಪದ್ಧತಿ ಹಾಗೆಯೇ ಉಳಿಯಿತು.

12ನೆಯ ಶತಮಾನದಲ್ಲಿ ಗುಜರಾತಿನ ಚೌಲುಕ್ಯ ಅರಸ ಕುಮಾರಪಾಲನು ಆ ಪದ್ಧತಿಯನ್ನೇ ತೆಗೆದುಹಾಕಿದನು. ಆಚಾರ್ಯ ಹೇಮಚಂದ್ರರು ದ್ವ್ಯಾಶ್ರಯ ಕಾವ್ಯದಲ್ಲಿ ಇದರ ಹಿನ್ನೆಲೆಯನ್ನು ಹೇಳಿದ್ದಾರೆ. ಇರುಳಿನಲ್ಲಿ ಅಳುವ ದನಿ ಕೇಳಿ ಅರಸನು ಹೊರಟು ನೋಡಿದಾಗ, ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಣ್ಣೊಬ್ಬಳು ನೇಣಿಗೆ ಸಿದ್ಧಳಾಗಿದ್ದಳು. ಉಳಿದ ಸೊತ್ತೂ ಅರಮನೆಗೆ ಹೋಗುವುದೆಂಬುದೇ ಅವಳ ಹತಾಶೆ. ಇಂಥ ಧನಕ್ಕೆ ‘ರುದತೀವಿತ್ತ’, ಎಂದರೆ ಅಳುವವಳ ಧನ, ಎಂಬ ಹೆಸರುಂಟು. ಇದರಿಂದ ವರ್ಷಕ್ಕೆ 72 ಲಕ್ಷ ಬರುತ್ತಿತ್ತೆಂಬುದು ಪ್ರಬಂಧಗಳ ಹೇಳಿಕೆ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಬಿಟ್ಟದ್ದು ಅಲ್ಪವಲ್ಲ ಎಂಬುದಷ್ಟೇ ಅದರ ಸಾರ.

ಇಲ್ಲಿ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಬಸದಿಗಳಿಗೂ ದೇವಾಲಯಗಳಿಗೂ ಬಿಟ್ಟ ಭೂಮಿಯನ್ನು ಶಾಸನಗಳು ‘ಸರ್ವಬಾಧಾಪರಿಹಾರ’ ಎಂದು ಸಾರುತ್ತವೆ. ತೆರಿಗೆಯನ್ನು ಬಾಧೆಯೆಂದು ಶಾಸನವೇ ಒಪ್ಪಿಕೊಂಡಂತಾಯಿತು. ಆ ವಿನಾಯಿತಿಯಿಂದ ಶ್ರುತವೂ ಶಿಲ್ಪವೂ ಉಳಿದವು, ಆಹಾರದಾನ ನಡೆಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಅರಮನೆಯ ಖರ್ಚು ತಗ್ಗದಿದ್ದಲ್ಲಿ ಆ ಹೊರೆ ಪಕ್ಕದ ಹೊಲದ ಒಕ್ಕಲಿನ ಮೇಲೆ ಬೀಳಲಿಲ್ಲವೇ? ದಾನಿಯ ಹೆಸರು ಕಲ್ಲಿನಲ್ಲಿದೆ. ಆ ಒಕ್ಕಲಿನ ಹೆಸರಿಲ್ಲ. ದಾನಶಾಸನಗಳನ್ನು ಹೆಮ್ಮೆಯಿಂದ ಓದುವ ನಾವು ಈ ಮೌನವನ್ನೂ ಓದಬೇಕು.

ಸಿದ್ಧಾಯ ಇಂದಿಗೂ ಸತ್ತಿಲ್ಲ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ವೇತನ ಮುಟ್ಟಿದವರಿಗೆ ವೃತ್ತಿ ತೆರಿಗೆ ಸಾಮಾನ್ಯವಾಗಿ ತಿಂಗಳಿಗೆ 200 ರೂಪಾಯಿ. ಸಂವಿಧಾನದ 276ನೆಯ ವಿಧಿಯು ಇದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿಯನ್ನು ಹಾಕಿದೆ. ಮಿತಿಯಿರುವುದು ಒಳ್ಳೆಯದೇ. ಆದರೂ 25,000 ರೂಪಾಯಿ ಪಡೆಯುವ ಗುಮಾಸ್ತರೂ ಅದರ ಹಲವು ಪಟ್ಟು ಪಡೆಯುವ ನನ್ನಂಥ ಅಧ್ಯಾಪಕನೂ ಕೊಡುವುದು ಒಂದೇ ಮೊತ್ತ. ವರಮಾನ ಹೆಚ್ಚಿದಂತೆ ದರವೂ ಹೆಚ್ಚುವ ಆದಾಯ ತೆರಿಗೆಯ ತತ್ತ್ವ ಇಲ್ಲಿಗೆ ಬಂದಿಲ್ಲ. 200 ರೂಪಾಯಿ ನನಗೆ ನೆನಪಿನಲ್ಲಿಯೂ ಉಳಿಯದ ಕಡಿತ. ಅವರಿಗೆ ಅದು ಕೆಲವು ದಿನಗಳ ಹಾಲಿನ ಹಣ.

ಸಮಾನ ಮೊತ್ತವು ಸಮಾನ ನ್ಯಾಯವಲ್ಲ. ತೆರಿಗೆಯನ್ನು ರೂಪಿಸುವವರು ಬೊಕ್ಕಸದ ಕಡೆಯಿಂದ ಲೆಕ್ಕ ಹಾಕುವುದು ಸಹಜ. ಕುಮಾರಪಾಲನು ಮಾಡಿದ್ದು ಇಷ್ಟೇ: ಲೆಕ್ಕದ ಕಡತದಿಂದ ಕಣ್ಣೆತ್ತಿ, ಇರುಳಿನಲ್ಲಿ ಕೇಳಿದ ದನಿಯ ಕಡೆಗೆ ನಡೆದದ್ದು.